ಎಲುಬಿನ ಅಚ್ಚುಕೂಟ

ವಿಜಯಪುರದ ಷೇರ್ಜಾ ಬುರುಜನ್ನೇರಿ ‘ಮಲಿಕ್-ಎ-ಮೈದಾನ್’ ತೋಪನ್ನು ಕಂಡು ಬೆರಗಾಗದವರು ವಿರಳ. 1549ರಲ್ಲಿ ಅಹಮದನಗರದಲ್ಲಿ ತುರ್ಕಿ ಎರಕಗಾರನೊಬ್ಬನ ಕೈಯಲ್ಲಿ ಮೈತಳೆದ ಈ ಕಂಚಿನ ತೋಪಿನ ತೂಕ ಸುಮಾರು 55 ಟನ್ನು. ಆನೆಯನ್ನು ಕಚ್ಚಿ ಹಿಡಿದ ಸಿಂಹದ ಬಾಯಿಯಂತೆ ಅದರ ಮುಖ. ಇಷ್ಟೊಂದು ಲೋಹವನ್ನು ಕರಗಿಸಿ ಅಚ್ಚಿಗೆ ಹೊಯ್ದ ಆ ಕಾಲದ ಕಂಚುಗಾರರ ಕೌಶಲಕ್ಕೆ, ನಾಲ್ಕು ಶತಮಾನಗಳು ಮಿಕ್ಕಿ ಕಳೆದ ಮೇಲೂ ತಲೆದೂಗಬೇಕಾಗುವುದು.

ಲೋಹಕ್ಕೆ ರೂಪ ಕೊಡಲು ಮನುಷ್ಯನಿಗೆ ಬಹುಕಾಲ ತಿಳಿದಿದ್ದ ದಾರಿಗಳು ಬೆರಳೆಣಿಕೆಯವು. ಕರಗಿಸಿ ಹೊಯ್ಯುವುದು ಒಂದು; ಕಾಯಿಸಿ ಬಡಿಯುವುದು ಇನ್ನೊಂದು; ಗಟ್ಟಿಯಿಂದ ಬೇಡವಾದುದನ್ನು ಕೊರೆದು ತೆಗೆಯುವುದು ಮತ್ತೊಂದು. ಕಂಚುಗಾರ, ಕಮ್ಮಾರ, ಲೇಥ್ ಯಂತ್ರದ ಮುಂದೆ ನಿಂತ ಕಾರ್ಮಿಕ, ಇವರ ವಿದ್ಯೆಯೆಲ್ಲ ಹೆಚ್ಚುಕಡಿಮೆ ಈ ಮೂರರೊಳಗೇ ಅಡಗಿತ್ತು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ನಾಲ್ಕನೆಯ ದಾರಿಯೊಂದು ತೆರೆಯಿತು. ಲೋಹದ ಪುಡಿಯನ್ನು ಪದರಪದರವಾಗಿ ಹರಡಿ, ಬೇಕಾದೆಡೆಯಲ್ಲಿ ಮಾತ್ರ ಕರಗಿಸಿ ಬೆಸೆದು, ವಸ್ತುವನ್ನು ತಳದಿಂದ ತಲೆಯವರೆಗೆ ಕಟ್ಟುತ್ತ ಹೋಗುವುದೇ ಆ ದಾರಿ. ಜನ ಇದನ್ನು ಮೆಟಲ್ ತ್ರೀ-ಡಿ ಪ್ರಿಂಟಿಂಗ್ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಲೋಹಮುದ್ರಣ ಎಂದರೆ ಸಾಕು.

ತೋಪು ಜೀವ ತೆಗೆಯಲು ಹುಟ್ಟಿದ ಲೋಹ. ಈ ಹೊಸ ವಿದ್ಯೆಯ ಅತ್ಯಂತ ಕುತೂಹಲಕರವಾದ ಉಪಯೋಗವಾದರೋ ಜೀವ ಕಾಯುವ ಕೆಲಸದಲ್ಲಿದೆ. ಕ್ಯಾನ್ಸರಿಗೆ ತುತ್ತಾದ ದವಡೆ, ಅಪಘಾತದಲ್ಲಿ ಚೂರಾದ ತಲೆಬುರುಡೆ, ಸವೆದು ಹಾಳಾದ ಸೊಂಟದ ಕೀಲು ಇಂಥವುಗಳ ಸ್ಥಾನದಲ್ಲಿ, ಆ ರೋಗಿಯ ದೇಹಕ್ಕೇ ಒಪ್ಪುವಂತೆ ಲೋಹದ ಎಲುಬನ್ನು ಮುದ್ರಿಸಿ ಕೂಡಿಸಲು ಈಗ ಸಾಧ್ಯವಾಗಿದೆ. ಇಂತಹ ಪ್ರಯೋಗಾಲಯವೊಂದನ್ನು ವಿಜಯಪುರದಂತಹ ಊರಿನಲ್ಲಿ ಕಟ್ಟುವುದಾದರೆ ಅದು ಹೇಗಿರಬೇಕು? ಎಲ್ಲಿಂದ ಆರಂಭಿಸಬೇಕು? ಕೋಟಿಗಟ್ಟಲೆ ಬೆಲೆಯ ಯಂತ್ರವನ್ನು ತಂದು ನಿಲ್ಲಿಸಿದರೆ ಅಲ್ಲಿಗೆ ಕೆಲಸ ಮುಗಿಯಿತೇ?

ಅಚ್ಚುಕೂಟದ ಊರು

ಮುದ್ರಣವೆಂಬ ಮಾತು ವಿಜಯಪುರಕ್ಕೆ ಹೊಸದಲ್ಲ. ಫ. ಗು. ಹಳಕಟ್ಟಿಯವರು ತಾಳೆಗರಿಗಳಲ್ಲಿ ಹುದುಗಿದ್ದ ವಚನಗಳನ್ನು ಮನೆಮನೆಗಳಿಂದ, ಮಠಗಳಿಂದ ಕೂಡಿಹಾಕಿ, ಅವನ್ನು ಬೆಳಕಿಗೆ ತರುವುದಕ್ಕಾಗಿ 1920ರ ದಶಕದಲ್ಲಿ ಈ ಊರಿನಲ್ಲೇ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದ ಸಂಗತಿ ಕನ್ನಡಿಗರಿಗೆಲ್ಲ ತಿಳಿದುದೇ. ಅಂದು ಮೊಳೆಗೆ ಮೊಳೆ ಜೋಡಿಸಿ ಪುಟ ಕಟ್ಟುತ್ತಿದ್ದರು. ಇಂದು ಕಣಕ್ಕೆ ಕಣ ಬೆಸೆದು ಎಲುಬು ಕಟ್ಟುತ್ತಾರೆ. ಎರಡರಲ್ಲಿಯೂ ಯಂತ್ರ ಓಡುವ ಮುಂಚೆ ಕರಡು ತಿದ್ದುವವನ ಕಣ್ಣು ಚುರುಕಾಗಿರಬೇಕು. ಪುಸ್ತಕದಲ್ಲಿ ತಪ್ಪುಳಿದರೆ ಕೊನೆಯಲ್ಲಿ ತಪ್ಪು-ಒಪ್ಪುಗಳ ಪಟ್ಟಿಯೊಂದನ್ನು ಅಂಟಿಸಬಹುದು. ಎಲುಬಿನಲ್ಲಿ ತಪ್ಪುಳಿದರೆ ಅದನ್ನು ತಿದ್ದಲು ರೋಗಿಯ ಮೈಯನ್ನೇ ಮತ್ತೊಮ್ಮೆ ತೆರೆಯಬೇಕಾಗುವುದು.

ಇಂತಹ ಉದ್ಯಮಕ್ಕೆ ಬೇಕಾದ ಎರಡು ಕೈಗಳೂ ಈ ಊರಿನಲ್ಲಿವೆ. 1910ರಲ್ಲಿ ಹುಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆ 1980ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ, 1986ರಲ್ಲಿ ವೈದ್ಯಕೀಯ ಕಾಲೇಜನ್ನೂ ಆರಂಭಿಸಿತು. ಇಂಜಿನಿಯರಿಂಗ್ ಕಾಲೇಜಿಗೆ ಹಳಕಟ್ಟಿಯವರ ಹೆಸರೇ ಇದೆ. ಶಸ್ತ್ರವೈದ್ಯ ಒಂದೂರಿನಲ್ಲಿ, ಇಂಜಿನಿಯರ್ ಇನ್ನೊಂದೂರಿನಲ್ಲಿ ಇದ್ದರೆ ನಡೆಯದ ಕೆಲಸವಿದು. ಒಂದೇ ಊರಿನಲ್ಲಿ ಇಬ್ಬರೂ ದೊರೆಯುವುದು ಸಣ್ಣ ಸೌಕರ್ಯವಲ್ಲ.

ಪುಡಿಯಿಂದ ಪದರ

ಲೋಹಮುದ್ರಣದ ಮೂಲತತ್ವ ಸರಳವಾದುದು. ಸಾಮಾನ್ಯವಾಗಿ ಬಳಸುವ ಟೈಟೇನಿಯಂ ಪುಡಿಯ ಒಂದೊಂದು ಕಣವೂ 15ರಿಂದ 45 ಮೈಕ್ರಾನ್ ಅಗಲದ ಪುಟ್ಟ ಗುಂಡು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ತಲೆಗೂದಲಿನ ಎಳೆ ಸುಮಾರು 70 ಮೈಕ್ರಾನ್ ದಪ್ಪವಿರುವುದೆಂದರೆ ಕಣದ ಸೂಕ್ಷ್ಮತೆ ಅರ್ಥವಾದೀತು. ಯಂತ್ರದೊಳಗಿನ ಹಲಗೆಯ ಮೇಲೆ ಪಟ್ಟಿಯೊಂದು ಈ ಪುಡಿಯನ್ನು 30 ಮೈಕ್ರಾನಿನಷ್ಟು ತೆಳ್ಳಗೆ ಬಳಿದು ಹೋಗುತ್ತದೆ. ಮೇಲಿನಿಂದ ಲೇಸರ್ ಕಿರಣ ಇಳಿದು, ಗಣಕಯಂತ್ರ ಹೇಳಿದ ಗೆರೆಯಗುಂಟ ಓಡಿ, ಅಲ್ಲಲ್ಲಿಯ ಪುಡಿಯನ್ನು ಮಾತ್ರ ಕರಗಿಸಿ ಬೆಸೆಯುತ್ತದೆ. ಹಲಗೆ ಒಂದು ಪದರದಷ್ಟು ಕೆಳಗಿಳಿಯುತ್ತದೆ. ಮತ್ತೆ ಪುಡಿ, ಮತ್ತೆ ಕಿರಣ. ಒಂದು ಮಿಲಿಮೀಟರ್ ಎತ್ತರಕ್ಕೆ ಮೂವತ್ತಮೂರು ಪದರಗಳು. ಅಂಗೈಯಗಲದ ವಸ್ತುವಾದರೂ ಗಂಟೆಗಟ್ಟಲೆ, ಒಮ್ಮೊಮ್ಮೆ ದಿನಗಟ್ಟಲೆ, ಯಂತ್ರ ತನ್ನ ಪಾಡಿಗೆ ತಾನು ಬಳಿಯುತ್ತ ಬೆಸೆಯುತ್ತ ಇರುತ್ತದೆ. ಜರ್ಮನಿಯ ಆಖೆನ್ ನಗರದ ಫ್ರೌನ್‌ಹೋಫರ್ ಸಂಸ್ಥೆಯ ವಿಜ್ಞಾನಿಗಳು 1990ರ ದಶಕದಲ್ಲಿ ಈ ವಿಧಾನಕ್ಕೆ ರೂಪ ಕೊಟ್ಟರು. ಲೇಸರಿನ ಬದಲು ನಿರ್ವಾತದಲ್ಲಿ ಎಲೆಕ್ಟ್ರಾನ್ ಕಿರಣವನ್ನು ಬಳಸುವ ಯಂತ್ರಗಳನ್ನು ಸ್ವೀಡನ್ನಿನವರು ಬೆಳೆಸಿದರು.

ಟೈಟೇನಿಯಂ ಕರಗಲು 1,668 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಬೇಕು. ಆ ಸ್ಥಿತಿಯಲ್ಲಿ ಅದಕ್ಕೆ ಗಾಳಿಯ ಆಮ್ಲಜನಕದ ಮೇಲೆ ವಿಪರೀತ ಮೋಹ. ಆಮ್ಲಜನಕ ಹೆಚ್ಚು ಹೊಕ್ಕರೆ ಲೋಹ ಪೆಡಸಾಗಿ ಬಿರುಕುಬಿಡುವುದು. ಅದಕ್ಕಾಗಿ ಲೇಸರ್ ಯಂತ್ರದ ಒಳಗೆ ಆರ್ಗಾನ್ ಎಂಬ ನಿಷ್ಕ್ರಿಯ ಅನಿಲವನ್ನು ತುಂಬಿ, ಆಮ್ಲಜನಕ ಶೇಕಡಾ 0.1ಕ್ಕಿಂತ ಕೆಳಗಿರುವಂತೆ ನೋಡಿಕೊಳ್ಳುತ್ತಾರೆ.

ಎಲುಬು ಒಪ್ಪಿದ ಲೋಹ

ಲೋಹಗಳಲ್ಲಿ ಟೈಟೇನಿಯಂ ಒಂದನ್ನೇ ಇಷ್ಟು ಉಪಚರಿಸುವುದೇಕೆ? ಇದರ ಹಿಂದೆ ಸ್ವಾರಸ್ಯವಾದ ಕಥೆಯೊಂದುಂಟು. 1952ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವೈದ್ಯವಿಜ್ಞಾನಿ ಎಲುಬಿನಲ್ಲಿ ರಕ್ತ ಸಂಚರಿಸುವ ಬಗೆಯನ್ನು ಅಭ್ಯಾಸ ಮಾಡುತ್ತಿದ್ದರು. ಮೊಲದ ಕಾಲಿನ ಎಲುಬಿನೊಳಗೆ ಟೈಟೇನಿಯಂನ ಸಣ್ಣ ಕೊಳವೆಯನ್ನು ಕೂಡಿಸಿ, ಅದರ ಮೂಲಕ ಸೂಕ್ಷ್ಮದರ್ಶಕದಿಂದ ನೋಡುವುದು ಅವರ ಕ್ರಮ. ಪ್ರಯೋಗ ಮುಗಿದ ಮೇಲೆ ಬೆಲೆಬಾಳುವ ಆ ಕೊಳವೆಯನ್ನು ಹೊರತೆಗೆಯಹೋದರೆ ಅದು ಬರಲೇ ಇಲ್ಲ! ಎಲುಬು ಅದನ್ನು ಪರಕೀಯವೆಂದು ದೂಡುವ ಬದಲು ತನ್ನದೆಂದು ತಬ್ಬಿಕೊಂಡಿತ್ತು. ಅಡ್ಡಿಯೆಂದು ತೋರಿದುದರಲ್ಲೇ ಉಪಕಾರವಿದೆಯೆಂದು ಕಂಡುಕೊಂಡ ಬ್ರೋನೆಮಾರ್ಕ್ 1965ರಲ್ಲಿ ಮೊದಲ ಬಾರಿಗೆ ಮನುಷ್ಯನ ದವಡೆಯಲ್ಲಿ ಟೈಟೇನಿಯಂ ಬೇರುಗಳನ್ನು ನೆಟ್ಟು ಹಲ್ಲು ಕೂಡಿಸಿದರು. ಇಂದು ದಂತವೈದ್ಯರ ಬಳಿ ‘ಇಂಪ್ಲಾಂಟ್’ ಮಾಡಿಸಿಕೊಳ್ಳುವವರೆಲ್ಲರೂ ಆ ಮೊಲಕ್ಕೆ ಋಣಿಗಳು.

ಆದರೆ ಟೈಟೇನಿಯಂಗೂ ಒಂದು ದೋಷವಿದೆ. ಶರೀರದಲ್ಲಿ ಹೆಚ್ಚಾಗಿ ಬಳಸುವುದು ನೂರರಲ್ಲಿ ಆರು ಪಾಲು ಅಲ್ಯುಮಿನಿಯಂ, ನಾಲ್ಕು ಪಾಲು ವೆನೇಡಿಯಂ ಬೆರೆತ ಮಿಶ್ರಲೋಹ. ಇದು ದಟ್ಟವಾದ ಎಲುಬಿಗಿಂತಲೂ ಸುಮಾರು ಐದಾರು ಪಟ್ಟು ಬಿರುಸು. ಎಲುಬು ಬಳಸಿದರೆ ಬಲಿಯುವ, ಬಳಸದಿದ್ದರೆ ಕರಗುವ ವಸ್ತು. ಬಿರುಸಾದ ಲೋಹ ಭಾರವನ್ನೆಲ್ಲ ತಾನೇ ಹೊತ್ತುಕೊಂಡರೆ ಪಕ್ಕದ ಎಲುಬು ಕೆಲಸವಿಲ್ಲದ ಕೈಯಂತೆ ಸೊರಗಿ, ಕಾಲಕ್ರಮದಲ್ಲಿ ಲೋಹ ಸಡಿಲವಾಗುವುದು. ಲೋಹಮುದ್ರಣದ ಹೆಚ್ಚಳ ಕಾಣುವುದು ಇಲ್ಲಿಯೇ. ಎರಕದಲ್ಲಾಗಲಿ ಕೊರೆತದಲ್ಲಾಗಲಿ ಮಾಡಲು ಕಷ್ಟವಾದ ಜೇನುಗೂಡಿನಂತಹ ರಂಧ್ರಮಯ ರಚನೆಯನ್ನು ಇದು ಲೀಲೆಯಿಂದ ಕಟ್ಟಬಲ್ಲುದು. ಮಿಲಿಮೀಟರಿನ ಮೂರರಲ್ಲೊಂದು ಪಾಲಿನಿಂದ ಮೂರರಲ್ಲೆರಡು ಪಾಲಿನವರೆಗಿನ ರಂಧ್ರಗಳಿದ್ದರೆ ಬಿರುಸುತನ ತಗ್ಗುವುದಲ್ಲದೆ, ಜೀವಂತ ಎಲುಬು ಆ ಗೂಡುಗಳೊಳಗೆ ಬೇರಿಳಿಸಿ ಬೆಳೆಯುವುದು.

ಈವರೆಗೆ ನಡೆದುದು

2011ರ ಜೂನ್ ತಿಂಗಳಲ್ಲಿ ನೆದರ್‌ಲ್ಯಾಂಡ್ಸಿನಲ್ಲಿ 83 ವರ್ಷದ ವೃದ್ಧೆಯೊಬ್ಬರ ಕೆಳದವಡೆ ಸೋಂಕಿನಿಂದ ಪೂರ್ತಿ ಕೆಟ್ಟುಹೋಗಿತ್ತು. ದೀರ್ಘವಾದ ಶಸ್ತ್ರಕ್ರಿಯೆಯನ್ನು ತಡೆದುಕೊಳ್ಳುವ ವಯಸ್ಸು ಅವರದಾಗಿರಲಿಲ್ಲ. ಬೆಲ್ಜಿಯಂ ಮತ್ತು ನೆದರ್‌ಲ್ಯಾಂಡ್ಸಿನ ತಜ್ಞರು ಸೇರಿ ಟೈಟೇನಿಯಂ ಪುಡಿಯಿಂದ ಇಡೀ ದವಡೆಯನ್ನೇ ಮುದ್ರಿಸಿ ಕೂಡಿಸಿದರು. ಅದರ ತೂಕ 107 ಗ್ರಾಂ. ಸಹಜ ದವಡೆಗಿಂತ ತುಸು ಹೆಚ್ಚು. ಶಸ್ತ್ರಕ್ರಿಯೆ ನಾಲ್ಕು ಗಂಟೆಗಳಲ್ಲಿ ಮುಗಿಯಿತು. ಎಚ್ಚರವಾದ ಮೇಲೆ ಅದೇ ದಿನ ಆಕೆ ಕೆಲವು ಮಾತುಗಳನ್ನಾಡಿದರು. 2012ರಲ್ಲಿ ಈ ಸುದ್ದಿ ಪ್ರಕಟವಾದಾಗ ಜಗತ್ತೇ ಕಿವಿ ನಿಮಿರಿಸಿತು.

ಭಾರತವೂ ಹಿಂದುಳಿಯಲಿಲ್ಲ. 2017ರಲ್ಲಿ ಗುರುಗ್ರಾಮದ ಆಸ್ಪತ್ರೆಯೊಂದರಲ್ಲಿ, ಕ್ಷಯದಿಂದ ಕುತ್ತಿಗೆಯ ಕಶೇರುಗಳನ್ನು ಕಳೆದುಕೊಂಡ 32 ವರ್ಷದ ಶಿಕ್ಷಕಿಯೊಬ್ಬರಿಗೆ ಮುದ್ರಿತ ಟೈಟೇನಿಯಂ ಕಶೇರುವನ್ನು ಅಳವಡಿಸಲಾಯಿತು. 2021ರಲ್ಲಿ ಕೋವಿಡ್ಡಿನ ಬೆನ್ನಿಗೇ ಬಂದ ಕಪ್ಪು ಶಿಲೀಂಧ್ರ ರೋಗ ಕರ್ನಾಟಕದಲ್ಲಿಯೂ ಸಾವಿರಾರು ಜನರನ್ನು ಕಾಡಿದುದನ್ನು ಓದುಗರು ಮರೆತಿರಲಾರರು. ಜೀವ ಉಳಿಸಲು ಎಷ್ಟೋ ರೋಗಿಗಳ ಮೇಲ್ದವಡೆಯನ್ನು, ಕೆನ್ನೆಯ ಎಲುಬನ್ನು ವೈದ್ಯರು ಕತ್ತರಿಸಿ ತೆಗೆಯಬೇಕಾಯಿತು. ಜೀವ ಉಳಿಯಿತು, ಆದರೆ ಅನ್ನ ಅಗಿಯುವುದು, ಮಾತಾಡುವುದು, ನಾಲ್ವರ ನಡುವೆ ಮುಖವೆತ್ತುವುದು ದುಸ್ತರವಾಯಿತು. ಇಂಥವರಿಗಾಗಿ ಮದರಾಸಿನ ಐ.ಐ.ಟಿ. ತಂಡ ಟೈಟೇನಿಯಂನಲ್ಲಿ ಮುಖದ ಎಲುಬುಗಳನ್ನು ಮುದ್ರಿಸುವ ಕಾರ್ಯವನ್ನು 2022ರಲ್ಲಿ ಪ್ರಕಟಪಡಿಸಿತು.

ಕರ್ನಾಟಕದೊಳಗೆ ಬೆಂಗಳೂರು ಈ ವಿದ್ಯೆಯ ತವರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೇಹಕ್ಕೊಗ್ಗುವ ಲೋಹಗಳ ಮೇಲೆ ವರ್ಷಗಳಿಂದ ಸಂಶೋಧನೆ ನಡೆದಿದೆ. ವೈದ್ಯಕ್ಕೆ ಸೇರದಿದ್ದರೂ ಉಲ್ಲೇಖಿಸಬೇಕಾದ ಸಂಗತಿಯೊಂದಿದೆ: ಪಿ.ಎಸ್.ಎಲ್.ವಿ. ರಾಕೆಟ್ಟಿನ ನಾಲ್ಕನೆಯ ಹಂತದ ಇಂಜಿನನ್ನು ಇಸ್ರೋ ಸಂಸ್ಥೆ ಲೋಹಮುದ್ರಣಕ್ಕೆ ಒಗ್ಗುವಂತೆ ಮರುವಿನ್ಯಾಸಗೊಳಿಸಿತು. ವಿಪ್ರೋ ಕಂಪನಿಯ ಮುದ್ರಣ ವಿಭಾಗ ಅದನ್ನು ತಯಾರಿಸಿತು. 2024ರ ಮೇ ತಿಂಗಳಲ್ಲಿ ಅದು ಪರೀಕ್ಷೆಯಲ್ಲಿ ಉತ್ತೀರ್ಣವಾಯಿತು. ಹದಿನಾಲ್ಕು ಬಿಡಿಭಾಗಗಳು ಒಂದೇ ತುಂಡಾದವು. ಹಿಂದೆ 565 ಕಿಲೋ ಲೋಹ ಬೇಡುತ್ತಿದ್ದ ಇಂಜಿನಿಗೆ 13.7 ಕಿಲೋ ಪುಡಿ ಸಾಕಾಯಿತು. ಆಕಾಶಕ್ಕೇರುವ ಇಂಜಿನನ್ನೇ ಮುದ್ರಿಸುವ ನಾಡಿಗೆ ಅಂಗೈಯಗಲದ ದವಡೆ ಅಸಾಧ್ಯವಾದುದಲ್ಲ.

ನೆಲವೂ ಹವೆಯೂ

ಇನ್ನು ವಿಜಯಪುರಕ್ಕೆ ಬರೋಣ. ಮನೆ ಕಟ್ಟುವವನು ಮೊದಲು ನೆಲ ನೋಡುತ್ತಾನೆ. ಪ್ರಯೋಗಾಲಯವೂ ಅದಕ್ಕೆ ಹೊರತಲ್ಲ. ಈಚಿನ ವರ್ಷಗಳಲ್ಲಿ ತಾಲೂಕು ಕೇಂದ್ರಗಳಾಗಿರುವ, ಅಥಣಿಯ ದಾರಿಯ ತಿಕೋಟಾ ಮತ್ತು ಜಮಖಂಡಿಯ ಕಡೆಗಿರುವ ಬಬಲೇಶ್ವರದ ಸುತ್ತಿನ ಎರೆಭೂಮಿ ಒಕ್ಕಲಿಗನಿಗೆ ಹೊನ್ನು, ಇಂಜಿನಿಯರನಿಗೆ ತಲೆನೋವು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವುದು, ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿಯುವುದು ಎರೆಮಣ್ಣಿನ ಸ್ವಭಾವ. ಅದರ ಮೇಲೆ ಅಡಿಪಾಯವಿಲ್ಲದೆ ನಿಲ್ಲಿಸಿದ ಯಂತ್ರದ ಹಲಗೆ ಕೂದಲೆಳೆಯಷ್ಟು ವಾಲಿದರೂ ಪದರ ಕೆಡುವುದು. ಗೋಲಗುಮ್ಮಟದಂತಹ ಭಾರಿ ಕಟ್ಟಡ 1656ರಿಂದ ಸಮತೂಕವಾಗಿ ನಿಂತಿರುವುದಕ್ಕೆ ಅದರ ತಳ ನೆಲದಡಿಯ ಬಂಡೆಯ ಮೇಲೆ ಕೂತಿರುವುದೇ ಕಾರಣ. ಆದಿಲಶಾಹಿ ಶಿಲ್ಪಿಗಳ ಈ ವಿವೇಕವನ್ನು ಪ್ರಯೋಗಾಲಯ ಕಟ್ಟುವವರೂ ಪಾಲಿಸತಕ್ಕದ್ದು. ಎರೆಯನ್ನು ತೆಗೆದು ಗಟ್ಟಿ ನೆಲ ಮುಟ್ಟಿ, ಯಂತ್ರದ ಪೀಠವನ್ನು ಕಟ್ಟಡದ ಗೋಡೆಗಳಿಂದ ಬೇರೆಯಾಗಿಯೇ ಕಟ್ಟಬೇಕು.

ಹವೆಯ ವಿಷಯದಲ್ಲಿ ತಿಕೋಟಾದ ದ್ರಾಕ್ಷಿ ಬೆಳೆಗಾರರನ್ನು ಕೇಳಿದರೆ ಪಾಠ ಹೇಳಿಯಾರು. ಇಲ್ಲಿಯ ಒಣಹವೆಯನ್ನು ನಂಬಿಯೇ ಅವರು ಶೆಡ್ಡುಗಳಲ್ಲಿ ಅಂತಸ್ತು ಅಂತಸ್ತಾಗಿ ಬಲೆ ಕಟ್ಟಿ ದ್ರಾಕ್ಷಿ ಹರಡಿ ಮಣೂಕ ಮಾಡುತ್ತಾರೆ. ಅಕಾಲದ ಮಳೆಯೊಂದು ಬಂದು ಹವೆ ತೇವವಾಯಿತೆಂದರೆ ಮಾಲಿನ ಬಣ್ಣ ಕೆಟ್ಟು ವರ್ಷದ ದುಡಿಮೆ ನೀರುಪಾಲು. ಟೈಟೇನಿಯಂ ಪುಡಿಗೂ ತೇವವೇ ವೈರಿ. ತೇವವಾದ ಪುಡಿ ಗಂಟುಕಟ್ಟಿ ಸರಿಯಾಗಿ ಹರಡದು. ಕರಗುವಾಗ ಲೋಹದೊಳಗೆ ಗುಳ್ಳೆಗಳನ್ನು ಉಳಿಸುವುದು. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಗಾಳಿಯೊಡನೆ ಏಳುವ ಧೂಳು, ಮಳೆಗಾಲದ ತೇವ ಈ ಮೂರನ್ನೂ ಹೊರಗಿಡಲು ಎರಡು ಬಾಗಿಲುಗಳ ಪ್ರವೇಶ, ಸೋಸಿದ ಗಾಳಿ, ವರ್ಷವಿಡೀ ಒಂದೇ ಮಟ್ಟದ ಉಷ್ಣತೆ ಬೇಕು. ಕೆಲಸದ ನಡುವೆ ವಿದ್ಯುತ್ತು ಹೋದರೆ ಇಪ್ಪತ್ತು ಗಂಟೆಗಳ ಮುದ್ರಣ ಕ್ಷಣದಲ್ಲಿ ವ್ಯರ್ಥವಾಗುವುದರಿಂದ ಬ್ಯಾಟರಿಗಳ ಆಸರೆಯೂ ಜನರೇಟರೂ ಅನಿವಾರ್ಯ.

ಕೊಠಡಿಯಿಂದ ಕೊಠಡಿಗೆ

ಪ್ರಯೋಗಾಲಯದ ವಿನ್ಯಾಸವೆಂದರೆ ಯಂತ್ರಗಳನ್ನು ಸಾಲಾಗಿ ನಿಲ್ಲಿಸುವುದಲ್ಲ. ಎಲುಬು ಹುಟ್ಟುವ ದಾರಿಯನ್ನು ಗೆರೆ ಎಳೆದು, ಆ ದಾರಿ ಎಲ್ಲಿಯೂ ಹಿಂದಕ್ಕೆ ತಿರುಗದಂತೆ ಕೊಠಡಿಗಳನ್ನು ಹೆಣೆಯುವುದು. ಅಡುಗೆಮನೆಯಲ್ಲಿ ಎಂಜಲು ಪಾತ್ರೆ ಬರುವ ಬಾಗಿಲು, ಎಡೆ ಹೋಗುವ ಬಾಗಿಲು ಬೇರೆಬೇರೆ ಇರುವಂತೆಯೇ ಇದು.

ದಾರಿಯ ಮೊದಲ ಹೆಜ್ಜೆ ಸಿ.ಟಿ. ಸ್ಕ್ಯಾನ್. ಒಂದು ಮಿಲಿಮೀಟರ್ ಅಥವಾ ಅದಕ್ಕೂ ತೆಳುವಾದ ಹೋಳುಗಳಲ್ಲಿ ರೋಗಿಯ ಎಲುಬಿನ ಚಿತ್ರ ತೆಗೆಯಬೇಕು. ಎರಡನೆಯದು ವಿನ್ಯಾಸದ ಕೊಠಡಿ. ಇಲ್ಲಿ ಶಸ್ತ್ರವೈದ್ಯನೂ ಇಂಜಿನಿಯರನೂ ಒಂದೇ ಪರದೆಯ ಮುಂದೆ ಕೂತು ಎಲುಬನ್ನು ಮಾಂಸದಿಂದ ಬೇರ್ಪಡಿಸಿ, ಕೆಟ್ಟ ಭಾಗ ಎಲ್ಲಿಯವರೆಗಿದೆ, ಕೊಯ್ಯುವುದು ಎಲ್ಲಿ, ಸ್ಕ್ರೂ ಕೂಡಿಸುವುದು ಎಲ್ಲಿ ಎಂಬುದನ್ನು ನಿರ್ಣಯಿಸುತ್ತಾರೆ. ದವಡೆಯ ಒಂದು ಕಡೆ ಕೆಟ್ಟಿದ್ದರೆ ಇನ್ನೊಂದು ಕಡೆಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ನಕ್ಷೆ ಮಾಡುವುದುಂಟು. ನಕ್ಷೆ ಎಷ್ಟೇ ಸುಂದರವಾಗಿರಲಿ, ಶಸ್ತ್ರವೈದ್ಯನ ಕೈ ಗಾಯದೊಳಗೆ ಎಷ್ಟು ದೂರ ಹೋದೀತು, ಯಾವ ನರವನ್ನು ಮುಟ್ಟಬಾರದು ಎಂಬುದು ಇಂಜಿನಿಯರನಿಗೆ ತಿಳಿಯದು. ಎಷ್ಟು ತೆಳುವಾದ ಗೋಡೆ ಮುದ್ರಣದಲ್ಲಿ ನಿಲ್ಲಬಲ್ಲುದೆಂಬುದು ವೈದ್ಯನಿಗೆ ತಿಳಿಯದು. ಈ ಇಬ್ಬರ ಮಾತುಕತೆಯೇ ಪ್ರಯೋಗಾಲಯದ ಹೃದಯ.

ಮೂರನೆಯದು ಪುಡಿಯ ಕೊಠಡಿ, ಅದಕ್ಕೆ ಅಂಟಿಕೊಂಡಂತೆ ಮುದ್ರಣಯಂತ್ರದ ಕೊಠಡಿ. ಬಳಕೆಯಾಗದೆ ಉಳಿದ ಪುಡಿಯನ್ನು ಜರಡಿ ಹಿಡಿದು ಮತ್ತೆ ಬಳಸಬಹುದು. ಆದರೆ ಪ್ರತಿ ಬಳಕೆಯಲ್ಲಿಯೂ ಅದರ ಆಮ್ಲಜನಕದ ಅಂಶ ಏರುತ್ತ ಹೋಗುವುದರಿಂದ, ಶರೀರಕ್ಕೆ ತಕ್ಕ ಟೈಟೇನಿಯಂನಲ್ಲಿ ಶೇಕಡಾ 0.13ರ ಮಿತಿ ದಾಟದಂತೆ ಲೆಕ್ಕವಿಡಬೇಕು. ನಾಲ್ಕನೆಯದು ಕುಲುಮೆ. ಮುದ್ರಣದ ವೇಗದಲ್ಲಿ ಕರಗಿ ಆರಿದ ಲೋಹದೊಳಗೆ ಬಿಗಿತ ಉಳಿದಿರುತ್ತದೆ. ನಿರ್ವಾತದಲ್ಲಿ ಅಥವಾ ಆರ್ಗಾನಿನಲ್ಲಿ ಸುಮಾರು 800 ಡಿಗ್ರಿಯವರೆಗೆ ಕಾಯಿಸಿ ಅದನ್ನು ಸಡಿಲಿಸಬೇಕು. ಭಾರ ಹೊರುವ ಎಲುಬಾದರೆ ಸಾವಿರ ವಾಯುಭಾರದ ಒತ್ತಡದಲ್ಲಿ 920 ಡಿಗ್ರಿ ಶಾಖಕ್ಕೊಡ್ಡಿ ಒಳಗಿನ ಸೂಕ್ಷ್ಮ ಗುಳ್ಳೆಗಳನ್ನು ಮುಚ್ಚುವುದೂ ಉಂಟು. ಆಮೇಲೆ ಹಲಗೆಯಿಂದ ಕತ್ತರಿಸುವುದು, ಆಧಾರದ ಕಡ್ಡಿಗಳನ್ನು ಮುರಿಯುವುದು, ಉಜ್ಜುವುದು, ತೊಳೆಯುವುದು, ಪರೀಕ್ಷಿಸುವುದು. ಕೊನೆಗೆ ಆಸ್ಪತ್ರೆಯಲ್ಲಿ ಉಗಿಯ ಶಾಖದಿಂದ ಕ್ರಿಮಿರಹಿತಗೊಳಿಸುವುದು.

ತೊಳೆಯುವ ಕೆಲಸ ಕೇಳಲು ಹಗುರ, ಮಾಡಲು ಕಠಿಣ. ಎಲುಬು ಬೆಳೆಯಲೆಂದು ಬಿಟ್ಟ ಗೂಡುಗಳಲ್ಲಿಯೇ ಬೆಸೆಯದ ಪುಡಿ ಸಿಕ್ಕಿಕೊಂಡು ಕೂರುತ್ತದೆ. ಅದು ಮುಂದೆ ಮೈಯೊಳಗೆ ಉದುರಿದರೆ ಅನಾಹುತ. ಆದ್ದರಿಂದ ಪುಡಿ ಹೊರಬರುವ ಹಾದಿಯನ್ನು ವಿನ್ಯಾಸದ ಕೊಠಡಿಯಲ್ಲೇ ಯೋಚಿಸಿಡಬೇಕು.

ಕಾಣದ ವೈರಿಗಳು

ನುಣುಪಾದ ಟೈಟೇನಿಯಂ ಪುಡಿ ಗಾಳಿಯಲ್ಲಿ ತೇಲಿದಾಗ ಒಂದು ಕಿಡಿ ಸೋಕಿದರೆ ಭುಗ್ಗನೆ ಹತ್ತಿಕೊಳ್ಳಬಲ್ಲುದು. ಅದಕ್ಕೆ ನೀರು ಸುರಿಯುವುದು ಉರಿಯುವ ಎಣ್ಣೆಗೆ ನೀರು ಹೊಯ್ದಷ್ಟೇ ಅಪಾಯಕಾರಿ. ಲೋಹದ ಬೆಂಕಿಗೆಂದೇ ಬೇರೆ ಬಗೆಯ ಒಣಪುಡಿಯ ನಂದಕಗಳಿವೆ. ಅಲ್ಲಿ ಕೆಲಸ ಮಾಡುವವರ ಪಾದರಕ್ಷೆ, ಉಡುಪು, ನೆಲ, ಮೇಜು ಎಲ್ಲವೂ ವಿದ್ಯುತ್ ಕಿಡಿ ಹುಟ್ಟದಂತಿರಬೇಕು. ಸಾಮಾನ್ಯ ಪೊರಕೆ, ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಬಳಸಕೂಡದು.

ಎರಡನೆಯ ವೈರಿ ಆರ್ಗಾನ್. ಅದು ವಿಷವಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ಬಾವಿಯ ನೀರಿನಂತೆ ನೆಲದ ಮಟ್ಟದಲ್ಲಿ ತುಂಬಿ, ಆಮ್ಲಜನಕವನ್ನು ಹೊರದೂಡುವುದು. ಬಹುಕಾಲ ಮುಚ್ಚಿಟ್ಟ ಹಗೇವಿಗೆ ಇಳಿದವನು ಉಸಿರುಗಟ್ಟಿ ಬೀಳುವ ಕಥೆಯನ್ನು ಈ ಸೀಮೆಯ ಹಿರಿಯರು ಬಲ್ಲರು, ಇದೂ ಹಾಗೆಯೇ. ಗಾಳಿಯಲ್ಲಿ ಶೇಕಡಾ 21ರಷ್ಟಿರುವ ಆಮ್ಲಜನಕ 19.5ಕ್ಕಿಂತ ಇಳಿದೊಡನೆ ಕೂಗುವ ಗಂಟೆಗಳು ಗೋಡೆಗಳ ಕೆಳಭಾಗದಲ್ಲಿರಬೇಕು. ನೆಲಮಾಳಿಗೆಯಲ್ಲಿ ಇಂತಹ ಯಂತ್ರವನ್ನು ಇಡದಿರುವುದೇ ಲೇಸು.

ಎಸೆಯುವ ಧೈರ್ಯ

ಪ್ರತಿಯೊಂದು ಮುದ್ರಣದ ಜೊತೆಗೂ ಅದೇ ಹಲಗೆಯ ಮೇಲೆ, ಅದೇ ಪುಡಿಯಿಂದ ಕೆಲವು ಸಾಕ್ಷಿಕಡ್ಡಿಗಳನ್ನೂ ಮುದ್ರಿಸುತ್ತಾರೆ. ಎಲುಬನ್ನು ಮುರಿದು ನೋಡಲಾಗದು. ಕಡ್ಡಿಗಳನ್ನು ಎಳೆದು ಮುರಿದು ಎಲುಬಿನ ಬಲವನ್ನು ಅಳೆಯುತ್ತಾರೆ. ಕಡ್ಡಿ ಸೋತರೆ, ಒಳಗುಳ್ಳೆ ಕಂಡರೆ, ಅಳತೆ ತಪ್ಪಿದರೆ ಆ ಎಲುಬನ್ನು ಎಸೆಯಬೇಕು. ಶಸ್ತ್ರಕ್ರಿಯೆಯ ದಿನ ಗೊತ್ತಾಗಿದೆ, ರೋಗಿ ದಾಖಲಾಗಿದ್ದಾನೆ, ಖರ್ಚು ಆಗಿಹೋಗಿದೆ. ಆಗಲೂ ‘ಇದು ಸಲ್ಲದು’ ಎನ್ನುವ ಅಧಿಕಾರ ಒಬ್ಬನಿಗಿರಬೇಕು. ಆತ ಯಂತ್ರ ನಡೆಸುವವನ ಕೈಕೆಳಗಿನವನಾಗಿರಬಾರದು. ಯಾವ ಪುಡಿ, ಯಾವ ದಿನ, ಯಾರ ಕೈ, ಯಾವ ಉಷ್ಣತೆ ಎಂಬುದೆಲ್ಲ ಹತ್ತು ವರ್ಷಗಳ ಮೇಲೂ ಓದಿ ತಿಳಿಯುವಂತೆ ದಾಖಲೆಯಾಗಿರಬೇಕು. ಇಂತಹ ಶಿಸ್ತಿಗಾಗಿಯೇ ಐ.ಎಸ್.ಒ. 13485 ಎಂಬ ಅಂತಾರಾಷ್ಟ್ರೀಯ ನಿಯಮಾವಳಿಯಿದೆ. ಭಾರತದಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮಗಳು 2018ರ ಜನವರಿಯಿಂದ ಜಾರಿಯಲ್ಲಿವೆ.

ಮೊದಲು ಯಾವುದು?

ಈಗ ಮೂಲ ಪ್ರಶ್ನೆಗೆ ಬರಬಹುದು. ಮುರಿದ ಎಲ್ಲ ಎಲುಬಿಗೂ ಮುದ್ರಿತ ಲೋಹ ಬೇಕಿಲ್ಲ. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ ತರುಣನಿಗೆ ಅಂಗಡಿಯಲ್ಲಿ ಸಿಗುವ ಸಿದ್ಧ ಪಟ್ಟಿ, ಸ್ಕ್ರೂಗಳೇ ಧಾರಾಳ; ಬೆಲೆಯೂ ಕಡಿಮೆ. ಸಿದ್ಧ ಅಳತೆ ಯಾವುದೂ ಹೊಂದದ ಕೆಲವೇ ರೋಗಿಗಳಿಗೆ ಮಾತ್ರ ಈ ವಿದ್ಯೆ ವರ. ಆ ಕೆಲವರಿಗಾಗಿ ಮೊದಲ ದಿನವೇ ಕೋಟಿಗಳ ಯಂತ್ರ ತಂದರೆ, ಉದ್ಘಾಟನೆಯ ಭಾವಚಿತ್ರ ಗೋಡೆಗೇರುವುದು. ಯಂತ್ರದ ಮೇಲೆ ಹೊದಿಕೆ ಬೀಳುವುದು. ನಡೆಸುವವರಿಲ್ಲದೆ, ಆರ್ಗಾನ್ ಕೊಳ್ಳಲು ಹಣವಿಲ್ಲದೆ ಹಾಗೆ ಹೊದಿಕೆ ಹೊದ್ದ ಯಂತ್ರಗಳ ಸಂಖ್ಯೆ ನಾಡಿನ ವಿದ್ಯಾಲಯಗಳಲ್ಲಿ ಕಡಿಮೆಯೇನಲ್ಲ.

ಕ್ರಮ ತಿರುಗುಮುರುಗಾಗಬೇಕು. ಮೊದಲು ಕಟ್ಟಬೇಕಾದುದು ವಿನ್ಯಾಸದ ಕೊಠಡಿ: ಒಂದು ಮೇಜು, ಎರಡು ಗಣಕಯಂತ್ರ, ವಾರಕ್ಕೊಮ್ಮೆ ತಪ್ಪದೆ ಕೂಡುವ ವೈದ್ಯ ಮತ್ತು ಇಂಜಿನಿಯರ್. ಅದರ ಪಕ್ಕದಲ್ಲಿ ಪ್ಲಾಸ್ಟಿಕ್ ಮುದ್ರಿಸುವ, ಲೋಹದ ಯಂತ್ರದ ಬೆಲೆಯ ಸಣ್ಣ ಅಂಶಕ್ಕೇ ದೊರೆಯುವ ಯಂತ್ರ. ರೋಗಿಯ ದವಡೆಯ ಪ್ಲಾಸ್ಟಿಕ್ ಮಾದರಿಯನ್ನು ಕೈಯಲ್ಲಿ ಹಿಡಿದ ವೈದ್ಯ ಶಸ್ತ್ರಕ್ರಿಯೆಯನ್ನು ಮುಂಚಿತವಾಗಿಯೇ ಅಭ್ಯಾಸ ಮಾಡಬಹುದು. ಸಿದ್ಧ ಪಟ್ಟಿಯನ್ನು ಆ ಮಾದರಿಯ ಮೇಲೆಯೇ ಬಗ್ಗಿಸಿಟ್ಟುಕೊಳ್ಳಬಹುದು. ರೋಗಿಗೂ ಮನೆಯವರಿಗೂ ತಿಳಿಸಿ ಹೇಳಬಹುದು. ಲೋಹವೇ ಬೇಕಾದ ರೋಗಿಗೆ ನಕ್ಷೆಯನ್ನು ಬೆಂಗಳೂರಿಗೆ ಕಳಿಸಲು ನಿಮಿಷ ಸಾಕು. ಮುದ್ರಿತವಾಗಿ ಪರೀಕ್ಷೆಯಲ್ಲಿ ಗೆದ್ದ ಎಲುಬು ಐನೂರಕ್ಕೂ ಮಿಕ್ಕ ಕಿಲೋಮೀಟರು ದಾಟಿ ರಾತ್ರಿಯ ಬಸ್ಸಿನಲ್ಲಿ ಬಂದು ಬೆಳಗಿಗೆ ತಲಪೀತು. ಲೋಹ ಪ್ರಯಾಣ ಮಾಡಬಲ್ಲುದು. ದವಡೆ ಕಳೆದುಕೊಂಡ ಬಬಲೇಶ್ವರದ ರೈತ ಪ್ರತಿ ಅಳತೆಗೂ ಪ್ರತಿ ಮಾತಿಗೂ ಬೆಂಗಳೂರಿಗೆ ಪ್ರಯಾಣ ಮಾಡಲಾರ.

ಎರಡನೆಯ ಹಂತದಲ್ಲಿ ತೊಳೆಯುವ, ಅಳೆಯುವ, ಪರೀಕ್ಷಿಸುವ ಕೊಠಡಿಗಳು ಬರಲಿ. ಬೇರೆಡೆ ಮುದ್ರಿತವಾದುದನ್ನು ಇಲ್ಲಿ ಪರೀಕ್ಷಿಸುತ್ತ ಪರೀಕ್ಷಿಸುತ್ತ ಒಳ್ಳೆಯದು ಯಾವುದು, ಕೆಟ್ಟುದು ಯಾವುದೆಂದು ತಿಳಿಯುವ ಕಣ್ಣು ಬಲಿಯುವುದು. ವರ್ಷಕ್ಕೆ ಎಷ್ಟು ರೋಗಿಗಳಿಗೆ ಬೇಕಾಯಿತೆಂಬ ನಿಜವಾದ ಲೆಕ್ಕವೂ ಕೈಗೆ ಸಿಗುವುದು. ಆ ಲೆಕ್ಕ ಯಂತ್ರವನ್ನು ಬೇಡಿದಾಗ, ನಡೆಸುವ ಕೈಗಳು ಪಳಗಿದಾಗ, ಮೂರನೆಯದಾಗಿ ಲೋಹದ ಯಂತ್ರ ಬರಲಿ.

ತಿಕೋಟಾ, ಬಬಲೇಶ್ವರಗಳಂತಹ ಊರುಗಳಿಗೂ ಇಲ್ಲಿ ಪಾಲುಂಟು. ಮೈಯೊಳಗೆ ಲೋಹ ಕೂಡಿಸಿಕೊಂಡವನು ಮನೆಗೆ ಮರಳಿದ ಮೇಲೆ ಕಥೆ ಮುಗಿಯುವುದಿಲ್ಲ. ಎಲುಬು ಗೂಡುಗಳೊಳಗೆ ಬೆಳೆಯಿತೇ, ಸ್ಕ್ರೂ ಸಡಿಲವಾಯಿತೇ, ಕೀವು ಕೂಡಿತೇ ಎಂಬುದನ್ನು ತಿಂಗಳುಗಳಲ್ಲಿ, ವರ್ಷಗಳಲ್ಲಿ ನೋಡುತ್ತಿರಬೇಕು. ತಾಲೂಕು ಆಸ್ಪತ್ರೆಯಲ್ಲಿ ಒಂದು ಎಕ್ಸ್-ರೇ, ಒಂದು ವಹಿ, ಆ ವಹಿಯನ್ನು ತಪ್ಪದೆ ಬರೆಯುವ ಒಬ್ಬ ದಾದಿ ಇದ್ದರೆ ರೋಗಿಗೆ ದಿನದ ಕೂಲಿ ಉಳಿಯುವುದು. ಪ್ರಯೋಗಾಲಯಕ್ಕೆ ತನ್ನ ಕೆಲಸದ ಗುಣದೋಷ ತಿಳಿಯುವುದು. ಆ ವಹಿ ಸೇರಿದಾಗಲೇ ಪ್ರಯೋಗಾಲಯದ ವಿನ್ಯಾಸ ಪೂರ್ಣ.

ಒಳ್ಳೆಯ ಅಚ್ಚುಕೂಟವನ್ನು ಅದರ ಯಂತ್ರದ ಹೊಳಪಿನಿಂದ ಯಾರೂ ಅಳೆಯುವುದಿಲ್ಲ. ಅಲ್ಲಿಂದ ಹೊರಬಿದ್ದ ಪುಟದಲ್ಲಿ ತಪ್ಪಿಲ್ಲದಿರುವುದೇ ಅದರ ಕೀರ್ತಿ. ಎಲುಬಿನ ಅಚ್ಚುಕೂಟಕ್ಕೂ ಅದೇ ಅಳತೆಗೋಲು. ಶಸ್ತ್ರಕ್ರಿಯೆಯಾಗಿ ಐದು ವರ್ಷಗಳ ಮೇಲೆ ರೋಗಿಯೊಬ್ಬ ತನ್ನ ಮನೆಯ ಪಡಸಾಲೆಯಲ್ಲಿ ಕೂತು, ಕಟಿರೊಟ್ಟಿಯನ್ನು ಮುರಿದು ಅಗಿದು ನುಂಗುವಾಗ, ಬಾಯಲ್ಲಿ ಲೋಹವಿದೆಯೆಂಬುದನ್ನೇ ಮರೆತಿದ್ದರೆ ಆ ಪ್ರಯೋಗಾಲಯ ಗೆದ್ದಿತೆಂದು ತಿಳಿಯಬಹುದು.